ದೊಡ್ಡ ಲೈಟ್ ಆರಿದಾಗ ಕ್ಲಿಕ್ಕಿಸಿ: ಐವತ್ತರ ದಶಕದ ಸೆಟ್ ಕ್ಯಾಂಡಿಡ್‌ಗಳ ರೀತಿ

1950ರ ದಶಕದ ಹಾಲಿವುಡ್ ಸೆಟ್ ಫೋಟೋಗಳಲ್ಲಿ ಕಣ್ಣಿಗೆ ಕಟ್ಟುವಂಥವು ನಟನೆಯ ಚಿತ್ರಗಳಲ್ಲ, ಎರಡು ಶಾಟ್‌ಗಳ ನಡುವಿನ ಬಿಡುವಿನಲ್ಲಿ ಪೋಸ್ ಇಲ್ಲದೆ ಸಹಜವಾಗಿ ಸೆರೆಸಿಕ್ಕ ಕ್ಯಾಂಡಿಡ್‌ಗಳು. ಅದೇ ರೀತಿ ಇಂದು ಫಿಲ್ಮ್‌ನಲ್ಲಿ ತೆಗೆಯಬೇಕೆಂದರೆ ಅಂದಿನ ಬೆಳಕಿನ ಲೆಕ್ಕ ಗೊತ್ತಿರಬೇಕು.

ಸಿನಿಮಾ ಚಿತ್ರೀಕರಣದ ಫಿಲ್ಮ್ ಆದ 1952ರ ಈಸ್ಟ್‌ಮನ್ ಕಲರ್ ನೆಗೆಟಿವ್‌ನ ವೇಗ (ಬೆಳಕಿಗೆ ಸ್ಪಂದಿಸುವ ಶಕ್ತಿ) ಟಂಗ್‌ಸ್ಟನ್ (ತಂತಿ ದೀಪದ) ಬೆಳಕಿನಲ್ಲಿ ಬರೀ 25. ಲೆನ್ಸ್‌ನ ಕಿಂಡಿಯನ್ನು ಎಫ್/2.8ರಷ್ಟು ಅಗಲ ತೆರೆದು (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು) ಚಿತ್ರೀಕರಿಸಲೂ ಸುಮಾರು 400 ಫುಟ್-ಕ್ಯಾಂಡಲ್ (ಬೆಳಕಿನ ತೀವ್ರತೆಯ ಅಳತೆ) ಬೇಕಿತ್ತು. 1954ರಲ್ಲಿ 35 ಎಂಎಂಗೆ ಬಂದ ಟ್ರೈ-ಎಕ್ಸ್ ಎಂಬ ವೇಗದ ಕಪ್ಪು-ಬಿಳುಪು ಫಿಲ್ಮ್ ಅನ್ನು ಸ್ಟಿಲ್ ಕ್ಯಾಮೆರಾಗೆ ಹಾಕಿದವರಿಗೆ ಅದೇ ಬೆಳಕಿನಲ್ಲಿ ಎಫ್/2.8, 1/250 ಸೆಕೆಂಡಿನ ಶಟರ್ ಆರಾಮಾಗಿ ಸಿಗುತ್ತಿತ್ತು. ‘ಕಟ್’ ಆಗಿ ದೊಡ್ಡ ಲೈಟ್ ಆರಿದರೆ ಉಳಿಯುವುದು ಕೆಲಸದ ದೀಪ; ಆಗ ಎಫ್/2, 1/30ಕ್ಕೆ ಇಳಿಯಬೇಕು. ನಟರ ಮುಖ ಸಡಿಲವಾಗುವುದೂ ಆಗಲೇ.

ಹಾಗಾಗಿ ಸೆಟ್‌ಗೆ ಹೋದ ಕೂಡಲೇ ಎರಡೂ ಬೆಳಕನ್ನು ಅಳೆದು ಚೀಟಿಯಲ್ಲಿ ಬರೆದುಕೊಳ್ಳಿ. ಕ್ಯಾಮೆರಾದ ಮೀಟರ್ ಹಿನ್ನೆಲೆಯ ಕತ್ತಲನ್ನು ನೋಡಿ ಮೋಸಹೋಗುತ್ತದೆ, ಮುಖ ಬೆಳ್ಳಗೆ ಬಿಳಿಚಿಕೊಳ್ಳುತ್ತದೆ. ನಟರು ನಿಲ್ಲುವ ಜಾಗದಲ್ಲಿ ನಿಮ್ಮ ಅಂಗೈ ಮೇಲಿನ ಬೆಳಕನ್ನು ಅಳೆದು ಒಂದು ಸ್ಟಾಪ್ ತೆರೆಯಿರಿ, ಅಂದರೆ ಎರಡರಷ್ಟು ಬೆಳಕು ಬಿಡಿ. 400 ವೇಗದ ಫಿಲ್ಮ್ ಆದರೆ ಟಂಗ್‌ಸ್ಟನ್‌ಗೆ ಮೀಟರ್‌ನಲ್ಲಿ 320 ಇಡಿ. ಫ್ಲ್ಯಾಷ್ ಬೇಡವೇ ಬೇಡ.

ಫೋಕಸ್ ಹೆಚ್ಚು ಕೈಕೊಡುವ ಜಾಗ. 50 ಎಂಎಂ ಲೆನ್ಸ್‌ನಲ್ಲಿ ಎಫ್/2ಕ್ಕೆ 2 ಮೀಟರ್ ದೂರದಲ್ಲಿ ಸ್ಪಷ್ಟವಾಗಿರುವುದು ಸುಮಾರು 20 ಸೆಂ.ಮೀ. ಮಾತ್ರ, ಕುರ್ಚಿಯಲ್ಲಿ ಒರಗಿದ ನಟಿ ಮುಂದಕ್ಕೆ ಬಾಗಿದರೆ ಕಣ್ಣು ಮಸುಕಾಗುತ್ತದೆ. ಇಂಥಲ್ಲಿ ಹತ್ತಿರದ ಕಣ್ಣಿಗೇ ಫೋಕಸ್ ಮಾಡಿ. ಬೆಳಕಿದ್ದಾಗ 35 ಎಂಎಂ ಲೆನ್ಸ್, ಎಫ್/5.6, 3 ಮೀಟರ್‌ಗೆ ಕಟ್ಟಿಟ್ಟರೆ 2.1ರಿಂದ 5 ಮೀಟರ್‌ವರೆಗೆ ಫೋಕಸ್ ಮುಟ್ಟಬೇಕಿಲ್ಲ.

ಧ್ವನಿ ಮುದ್ರಣ ನಡೆಯುವಾಗ ಶಟರ್ ಒತ್ತಬೇಡಿ. ಮೆಲ್ಲನೆ ಸದ್ದಾಗುವ ರೇಂಜ್‌ಫೈಂಡರ್ ಕ್ಯಾಮೆರಾದ ಸಣ್ಣ ಸದ್ದೂ ಮೈಕ್‌ಗೆ ಕೇಳಿಸಿ ಟೇಕ್ ಹಾಳಾದೀತು. ಹಾಲಿವುಡ್ ಸೆಟ್‌ಗಳ ಛಾಯಾಗ್ರಾಹಕ ಬಾಬ್ ವಿಲ್ಲೊಬಿ 35 ಎಂಎಂ ಸ್ಟಿಲ್ ಕ್ಯಾಮೆರಾಗೆ ಸದ್ದಡಗಿಸುವ ಕವಚ, ಬ್ಲಿಂಪ್, ರೂಪಿಸಿದ್ದು ಇದೇ ಕಾರಣಕ್ಕೆ. ಕಪ್ಪು ಬಟ್ಟೆ ತೊಡಿ, ನಟರ ದೃಷ್ಟಿ ಬೀಳುವ ಸಾಲಿನಲ್ಲಿ ನಿಲ್ಲಬೇಡಿ. ಒಬ್ಬರು ‘ಬೇಡ’ ಅಂದರೆ ಕ್ಯಾಮೆರಾ ಇಳಿಸಿ. ನಂಬಿಕೆ ಕೆಟ್ಟ ಮೇಲೆ ಆ ಸೆಟ್‌ನಲ್ಲಿ ಸಹಜ ಮುಖ ಸಿಗುವುದಿಲ್ಲ.

ಇಂದಿನ ಟ್ರೈ-ಎಕ್ಸ್ 400 ಅನ್ನು ಡಿ-76 ಎಂಬ ಡೆವಲಪರ್ ದ್ರಾವಣದಲ್ಲಿ (1 ಭಾಗಕ್ಕೆ 1 ಭಾಗ ನೀರು), 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 9.75 ನಿಮಿಷ ಡೆವಲಪ್ ಮಾಡಿ. 30 ಸೆಕೆಂಡಿಗೊಮ್ಮೆ 5 ಸೆಕೆಂಡ್ ಅಲ್ಲಾಡಿಸಿ. ಬೆಳಕು ಸಾಲದೆ ಫಿಲ್ಮ್ ಅನ್ನು 1600 ವೇಗದ್ದೆಂದು ಎಣಿಸಿ ತೆಗೆದು ಹೆಚ್ಚು ಹೊತ್ತು ಡೆವಲಪ್ ಮಾಡಿದರೆ ಕಾಂಟ್ರಾಸ್ಟ್ ಏರುತ್ತದೆ, ನೆರಳಿನಲ್ಲಿ ಕಳೆದುಹೋದ ವಿವರ ಮಾತ್ರ ಮರಳುವುದಿಲ್ಲ. ಕೈ ಗಟ್ಟಿಯಿದ್ದರೆ ಅದರ ಬದಲು 1/15 ಸೆಕೆಂಡ್ ಪ್ರಯತ್ನಿಸುವುದೇ ಮೇಲು.