ಪದರದ ಬಿಲ್ಲು: ಬೆನ್ನಿಗೂ ಹೊಟ್ಟೆಗೂ ಹೊಂದಿಸುವುದು ಹೇಗೆ

ಪಟ್ಟಿಗಳನ್ನು ಒಂದರ ಮೇಲೊಂದು ಅಂಟಿಸಿ ಮಾಡುವುದೇ ಪದರದ ಬಿಲ್ಲು: ಗುರಿಯ ಕಡೆಯ ಪದರ ಬೆನ್ನು, ಎಳೆಯುವವರ ಕಡೆಯದು ಹೊಟ್ಟೆ. ನಾನು ಮೊದಲು ಅಂಟಿಸಿದ ಬಿಲ್ಲಿಗೆ ಬಿದಿರಿನ ಬೆನ್ನು, ಚೆರ್ರಿ ಮರದ ಹೊಟ್ಟೆ. ಬಿದಿರು ದಪ್ಪ ಇದ್ದಷ್ಟೂ ಒಳ್ಳೆಯದು ಅಂದುಕೊಂಡು 5 ಮಿ.ಮೀ. ಬಿಟ್ಟಿದ್ದೆ. ಮುರಿಯಲಿಲ್ಲ, ನಿಜ. ಆದರೆ ಹೊಟ್ಟೆಯ ಮೇಲೆ ಅಡ್ಡಡ್ಡ ಕೂದಲೆಳೆಯಂಥ ಸುಕ್ಕುಗೆರೆ ಎದ್ದವು, ಹೆದೆ ಬಿಚ್ಚಿದರೂ ಬಿಲ್ಲು ಬಾಗಿಯೇ ಉಳಿಯಿತು.

ಹೆದೆ ಎಳೆದಾಗ ಗುರಿಯ ಕಡೆಯ ಬೆನ್ನು ಹಿಗ್ಗುತ್ತದೆ, ನಿಮ್ಮ ಕಡೆಯ ಹೊಟ್ಟೆ ಕುಗ್ಗುತ್ತದೆ, ನಡುವೆ ಹಿಗ್ಗದ ಕುಗ್ಗದ ಒಂದು ಮಟ್ಟ ಇರುತ್ತದೆ. ಬೆನ್ನು ಜಾಸ್ತಿ ಬಿಗಿಯಾದರೆ ಈ ಮಟ್ಟ ಬೆನ್ನಿನ ಕಡೆಗೆ ಸರಿಯುತ್ತದೆ, ಹೊಟ್ಟೆ ಅದರಿಂದ ದೂರವಾಗಿ ಇನ್ನೂ ಜಾಸ್ತಿ ಕುಗ್ಗಬೇಕಾಗುತ್ತದೆ. ಮರಕ್ಕೆ ಎಳೆತ ತಡೆಯುವಷ್ಟು ಒತ್ತಡ ತಡೆಯಲು ಆಗುವುದಿಲ್ಲ. ಬಡವನ ತಲೆಗೇ ಭಾರ ಹೊರಿಸಿದ ಹಾಗೆ, ಅಲ್ವಾ?

ಅದಕ್ಕೇ ಮೊದಲು ಹೊಟ್ಟೆಯ ಮರ ಗೊತ್ತು ಮಾಡಿಕೊಳ್ಳಿ, ಬೆನ್ನು ಆಮೇಲೆ. ಇಪೆ, ಓಸೇಜ್ ಎಂಬ ಗಟ್ಟಿ ಮರಗಳು ಒತ್ತಡ ಚೆನ್ನಾಗಿ ತಾಳುತ್ತವೆ, ಅವಕ್ಕೆ ಬಿದಿರು ಅಥವಾ ಹಿಕರಿ ಮರದ ಬೆನ್ನು ಧೈರ್ಯವಾಗಿ ಹಾಕಿ. ಚೆರ್ರಿ, ವಾಲ್‌ನಟ್‌ಗೆ ತೆಳ್ಳನೆಯ ಮೇಪಲ್ ಮರದ ಪಟ್ಟಿ ಸಾಕು. ಉಲ್ಟಾ ತಪ್ಪೂ ಇದೆ: ಇಪೆಯ ಮೇಲೆ ಎಳೆ ಓರೆಯಾಗಿ ಹೊರಟ ಮೇಪಲ್ ಅಂಟಿಸಿದರೆ ಈ ಸಲ ಬೆನ್ನೇ ಪಟ್ಟನೆ ಸೀಳುತ್ತದೆ. ಫೈಬರ್‌ಗ್ಲಾಸ್ ಆದರೆ ತಲೆನೋವಿಲ್ಲ, ಎರಡೂ ಕಡೆ ಒಂದೇ ದಪ್ಪದ ಪಟ್ಟಿ ಹಾಕಿದರಾಯಿತು.

ಇನ್ನು ದಪ್ಪ. ಹೆಚ್ಚಿನವರು ಜಾರುವುದು ಇಲ್ಲೇ. ಅಂಟಿಸಿದ ಮೇಲೆ ಬಾಗು ಸರಿಮಾಡುವಾಗ ನಾವು ಹೆರೆಯುವುದು ಹೊಟ್ಟೆಯನ್ನು ಮಾತ್ರ. ಬೆನ್ನು ಉದ್ದಕ್ಕೂ 3 ಮಿ.ಮೀ. ಇದೆ ಅಂದುಕೊಳ್ಳಿ. ಹಿಡಿಯ ಹತ್ತಿರ ತೋಳಿನ (ಹಿಡಿಯಿಂದ ತುದಿಯವರೆಗಿನ ಬಾಗುವ ಭಾಗದ) ಒಟ್ಟು ದಪ್ಪ 15 ಮಿ.ಮೀ. ಇದ್ದರೆ ಬೆನ್ನಿನದು ಐದರಲ್ಲಿ ಒಂದು ಪಾಲು, ತುದಿಯಲ್ಲಿ ಒಟ್ಟು 9 ಮಿ.ಮೀ. ಆದರೆ ಮೂರರಲ್ಲಿ ಒಂದು ಪಾಲು! ಸುಮ್ನೆ ಒಂದೇ ಸಮ ಬಿಟ್ಟಿದ್ದಕ್ಕೆ ತುದಿ ಕಡೆ ಬೆನ್ನಿನದೇ ದರ್ಬಾರು. ಹಾಗಾಗಿ ಅಂಟಿಸುವ ಮೊದಲೇ ಬೆನ್ನಿನ ಪಟ್ಟಿಯನ್ನು ನಡುವಿನಲ್ಲಿ 3, ತುದಿಯಲ್ಲಿ ಒಂದೂವರೆಯಿಂದ 2 ಮಿ.ಮೀ.ಗೆ ಇಳಿಸಿ. ಬಿದಿರಾದರೆ ಒಳಗಡೆಯಿಂದ ಮಾತ್ರ ಉಜ್ಜಿ, ಸಿಪ್ಪೆಯ ಕಡೆ ನಾರು ದಟ್ಟವಾಗಿರುತ್ತದೆ, ಗಟ್ಟಿತನವೆಲ್ಲ ಅಲ್ಲೇ.

ಅಂಟಿಸಿ ಆಗಿಹೋಗಿದೆ, ಬೆನ್ನು ದಪ್ಪ ಅಂತ ಈಗ ಗೊತ್ತಾಯಿತು ಅಂದರೂ ಒಂದು ದಾರಿ ಇದೆ. ತೋಳಿನ ಅಂಚುಗಳನ್ನು ಓರೆಯಾಗಿ ಹೆರೆದು ಬೆನ್ನನ್ನು ಹೊಟ್ಟೆಗಿಂತ ಕಿರಿದು ಮಾಡಿ. ಹೊಟ್ಟೆ 32 ಮಿ.ಮೀ. ಅಗಲವಿದ್ದರೆ ಬೆನ್ನು 24ರ ಹತ್ತಿರ ಬರಲಿ. ಬಿಲ್ಲಿನ ಬಿಗಿ ಸ್ವಲ್ಪ ಇಳಿಯುತ್ತದೆ, ಇಳಿಯಲಿ ಬಿಡಿ. ಅಂಟಿಸುವಾಗ ತುದಿಗಳನ್ನು ನಾಲ್ಕೈದು ಸೆಂ.ಮೀ. ಬೆನ್ನಿನ ಕಡೆಗೆ ಬಾಗಿಸಿ ಕ್ಲ್ಯಾಂಪ್ ಹಾಕುವುದೂ ಒಳ್ಳೆಯದೇ, ಆದರೆ ಅದು ದಪ್ಪ ಬೆನ್ನಿಗೆ ಮದ್ದಲ್ಲ.

ಬಾಗು ಸರಿಮಾಡುವಾಗ ಎಳೆತ ಹೆಚ್ಚಿಸಿದ ಪ್ರತಿ ಸಲವೂ ಹೆದೆ ಇಳಿಸಿ ನೋಡಿ. ಅರ್ಧ ಎಳೆತಕ್ಕೇ ಬಾಗು ಉಳಿಯಲು ಶುರುವಾದರೆ ಅಲ್ಲೇ ನಿಲ್ಲಿಸಿ, ಬೆನ್ನಿನ ಅಂಚು ಹೆರೆಯಿರಿ. ಹೊಟ್ಟೆಯ ಮೇಲೆ ಟಾರ್ಚನ್ನು ಓರೆಯಾಗಿ ಹಿಡಿದು ಉಗುರು ಎಳೆಯಿರಿ: ಕಣ್ಣಿಗೆ ಕಾಣದ ಸುಕ್ಕುಗೆರೆ ಉಗುರಿಗೆ ಸಿಗುತ್ತದೆ.