ಷಟರ್ ಇಳಿಸಿ ನಡೆದೆ, ಸಕ್ಕರೆ ಇಳಿಯಿತು

ಮೈಸೂರಿನಲ್ಲಿ ನನ್ನದು ಹಾರ್ಡ್‌ವೇರ್ ಅಂಗಡಿ. ನಮ್ಮ ದಿನ ಹೇಗಿರುತ್ತೆ ಅಂತ ವ್ಯಾಪಾರದವರಿಗೆ ಬಿಡಿಸಿ ಹೇಳಬೇಕಿಲ್ಲ. ಗಲ್ಲಾ ಮುಂದೆ ಕೂತರೆ ಕೂತಿದ್ದೇ, ಬಂದವರ ಜೊತೆಗೆಲ್ಲ ಟೀ, ರಾತ್ರಿ ಊಟ ಹತ್ತೂವರೆಗೆ. ಎರಡು ವರ್ಷದ ಹಿಂದೆ, ರಕ್ತದಲ್ಲಿ ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಟೆಸ್ಟ್‌ನಲ್ಲಿ 6.3 ಬಂತು. 5.7ರಿಂದ 6.4ರ ತನಕ ಬಾರ್ಡರ್, ದಾಟಿದರೆ ಸಕ್ಕರೆ ಕಾಯಿಲೆ. ಡಾಕ್ಟರು ಮಾತ್ರೆ ಬರೆಯದೆ ಆರು ತಿಂಗಳು ಟೈಮ್ ಕೊಟ್ಟರು. ಈಗ 5.7ರ ಆಸುಪಾಸಿನಲ್ಲಿ ನಿಂತಿದೆ. "ನಿಮ್ಮ ಕೈಲಿ ಒಂದು ವಾರ ಆಗಲ್ಲ ಬಿಡಿ ಭಾವ" ಅಂದಿದ್ದ ಭಾವಮೈದುನ ಹೋದ ತಿಂಗಳು ತಾನೇ ಫೋನ್ ಮಾಡಿ, ಏನು ಮಾಡಿದ್ರಿ ಅಂತ ಕೇಳಿದ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೀತಿದ್ದೇನೆ.

ಮೊದಲು ದುಡ್ಡು ಹೋದ ಕಥೆ. ಜಿಮ್‌ಗೆ ವರ್ಷದ್ದು ಒಟ್ಟಿಗೆ ಕಟ್ಟಿದರೆ ಡಿಸ್ಕೌಂಟ್ ಅಂದರು, ಹದಿನಾಲ್ಕು ಸಾವಿರದ ಹತ್ತಿರ ಕೊಟ್ಟೆ. ಎರಡನೇ ತಿಂಗಳಿಗೆ ಹೋಗೋದು ನಿಂತಿತು. ವಾಪಸ್ ಕೇಳಿದರೆ, "ನಿಮ್ಮ ಬದಲು ಯಾರನ್ನಾದರೂ ಕಳಿಸಿ ಸರ್" ಅಂದರು. ಕೈಗೆ ಕಟ್ಟೋ ಬ್ಯಾಂಡು ಮೂರು ಸಾವಿರ, ಶೂ ನಾಲ್ಕೂವರೆ. ಅಷ್ಟು ದುಡ್ಡಿಗೆ ಸಿಪಿವಿಸಿ ಪೈಪು ತಂದಿಟ್ಟಿದ್ದರೆ ಲಾಭವಾದರೂ ಬರ್ತಿತ್ತು. ಆಮೇಲೆ ಬೆಳಗಿನ ಜಾವ ಐದಕ್ಕೆ ಎದ್ದು ಕುಕ್ಕರಹಳ್ಳಿ ಕೆರೆ ಸುತ್ತುವ ಪ್ಲಾನು. ಕೆರೆ ಚೆನ್ನಾಗಿದೆ, ಹಕ್ಕಿಗಳೂ ಚೆನ್ನಾಗಿವೆ. ಆದರೆ ಹನ್ನೆರಡಕ್ಕೆ ಮಲಗುವವನು ಐದಕ್ಕೆ ಎದ್ದರೆ ಮಧ್ಯಾಹ್ನ ಬಿಲ್ ಬರೆಯುವಾಗಲೇ ತೂಕಡಿಕೆ. ಐದಕ್ಕೆ ಏಳಿ ಅಂತ ಹೇಳುವವರಲ್ಲಿ ಅಂಗಡಿ ಇಟ್ಟವರು ಯಾರೂ ಇಲ್ಲ, ಗಮನಿಸಿ.

ಕೊನೆಗೆ ಕೈ ಹಿಡಿದದ್ದು ಷಟರ್. ಜ್ವರ ಬರಲಿ, ವ್ಯಾಪಾರ ಇಲ್ಲದೇ ಇರಲಿ, ಅಂಗಡಿ ತೆಗೆದ ಮೇಲೆ ಷಟರ್ ಇಳಿಸಲೇಬೇಕು ಅಲ್ವಾ? ನಡೆಯೋದನ್ನು ಅದಕ್ಕೇ ಗಂಟು ಹಾಕಿದೆ. ಮನೆಯಿಂದ ರಾತ್ರಿ ಊಟದ ಕ್ಯಾರಿಯರ್ ಎಂಟು ಗಂಟೆಗೆ ಅಂಗಡಿಗೇ ತರಿಸಿಕೊಂಡೆ. ಗಲ್ಲಾ ಎಣಿಸುವ ಮುಂಚೆ ಊಟ, ಎಣಿಸಿ ಷಟರ್ ಇಳಿಸಿದ ಮೇಲೆ ನಡಿಗೆ. ಸ್ಕೂಟರನ್ನು ಬೆಳಿಗ್ಗೆಯೇ ಒಂದು ಕಿಲೋಮೀಟರ್ ಮೇಲೆ ದೂರ, ಸ್ನೇಹಿತನ ಗೋಡೌನ್ ಹತ್ತಿರ ನಿಲ್ಲಿಸಿ ಬರುತ್ತೇನೆ. ನಡೆಯದೆ ಮನೆ ಸೇರುವ ದಾರಿಯೇ ಇಲ್ಲ. ಮನಸ್ಸು ಗಟ್ಟಿ ಮಾಡುವ ಪ್ರಶ್ನೆಯೂ ಇಲ್ಲ. "ಗಾಡಿ ಯಾರಾದ್ರೂ ಹೊಡ್ಕೊಂಡು ಹೋಗ್ತಾರೆ, ಅಷ್ಟೇ ಆಗೋದು" ಅಂದಳು ಹೆಂಡತಿ. ಪಕ್ಕದ ಪೇಂಟ್ ಅಂಗಡಿಯವರು ನನ್ನ ಗಾಡಿ ಕೆಟ್ಟಿದೆ ಅಂತಲೇ ವಾರಗಟ್ಟಲೆ ಡ್ರಾಪ್ ಕೊಡಲು ಬರ್ತಿದ್ದರು.

ಮಳೆ ದಿನಕ್ಕೂ ಒಂದು ನಿಯಮ ಮಾಡಿಕೊಂಡೆ. ಹೊರಗೆ ಹೋಗಲು ಆಗದಿದ್ದರೆ ಒಳಗೇ ರ‍್ಯಾಕ್‌ಗಳ ನಡುವೆ ಐದು ನಿಮಿಷ. ನೋಡಿದವರು ನಗುತ್ತಾರೆ, ನಗಲಿ. ದಸರಾ ಸೀಸನ್‌ನಲ್ಲಿ ಹತ್ತು ಗಂಟೆ ತನಕ ಗಿರಾಕಿ ಇದ್ದಾಗಲೂ ಈ ಐದು ನಿಮಿಷ ಉಳಿಯಿತು. ಇನ್ನೊಂದು, 21 ದಿನದಲ್ಲಿ ಅಭ್ಯಾಸ ಕೂತುಬಿಡುತ್ತೆ ಅನ್ನೋದನ್ನು ನಂಬಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಜನರನ್ನು ಇಟ್ಟುಕೊಂಡು ನೋಡಿದಾಗ ಸರಾಸರಿ 66 ದಿನ ಬಂತು. ಕೆಲವರಿಗೆ 18 ದಿನ ಸಾಕಾದರೆ, 254 ದಿನದ ತನಕವೂ ಲೆಕ್ಕ ಹೋಯಿತು. ಮಧ್ಯೆ ಒಂದು ದಿನ ತಪ್ಪಿದರೆ ಏನೂ ಕೆಡಲ್ಲ ಅಂತಲೂ ಅದರಲ್ಲೇ ಇದೆ. ನನಗಂತೂ ನಾಲ್ಕು ತಿಂಗಳು ಹಿಡಿಯಿತು.

ಇದರ ನಡುವೆ ಗ್ಲೂಕೋಮೀಟರ್ ಹುಚ್ಚು ಹಿಡಿಯಿತು, ಅಂದರೆ ಬೆರಳಿನ ಒಂದು ಹನಿ ರಕ್ತದಲ್ಲಿ ಆ ಹೊತ್ತಿನ ಸಕ್ಕರೆ ನೋಡುವ ಮೀಟರ್. ಒಂದು ಸ್ಟ್ರಿಪ್‌ಗೆ ಇಪ್ಪತ್ತು ರೂಪಾಯಿ ಲೆಕ್ಕ, ಸುಮಾರು ಎರಡು ಡಬ್ಬಿ ಖಾಲಿ ಮಾಡಿದೆ. ಅನ್ನ ಸಾರು ಉಂಡು ಸುಮ್ನೆ ಕೂತರೆ ಒಂದು ಗಂಟೆಗೆ 185ರ ಹತ್ತಿರ (ಇದು mg/dL ಲೆಕ್ಕ, ಮೇಲಿನ 6.3ರ ಲೆಕ್ಕ ಬೇರೆ). ಅದೇ ಊಟ ಮಾಡಿ ಕಾಲು ಗಂಟೆ ನಡೆದರೆ 150 ಚಿಲ್ಲರೆ. ಮುದ್ದೆ ತಿಂದರೆ ಸಕ್ಕರೆ ಏರಲ್ಲ ಅಂತ ನಮ್ಮ ಕಡೆ ಎಲ್ಲರೂ ಹೇಳುತ್ತಾರಲ್ಲ, ನನ್ನ ಮೀಟರ್ ಒಪ್ಪಲಿಲ್ಲ. ದೊಡ್ಡ ಮುದ್ದೆಗೆ 170 ದಾಟಿತು. ಮುದ್ದೆ ಚಿಕ್ಕದು ಮಾಡಿ, ಅದಕ್ಕೂ ಮುಂಚೆ ಒಂದು ಬಟ್ಟಲು ಹುರುಳಿಕಾಯಿ ಪಲ್ಯ ಖಾಲಿ ಮಾಡಿದರೆ ಚೆನ್ನಾಗಿ ಇಳಿಯಿತು. ಮೆಂತ್ಯ ನೆನೆಸಿದ ನೀರೂ ಕುಡಿದೆ. ನಂಬರ್ ಅಲುಗಲಿಲ್ಲ, ಬೆವರು ಮಾತ್ರ ಮೆಂತ್ಯದ ವಾಸನೆ ಬಂತು. ಇದೆಲ್ಲ ಒಬ್ಬನ ಮೈಯ ಲೆಕ್ಕ. ನಿಮ್ಮದನ್ನು ನೀವೇ ನೋಡಿಕೊಳ್ಳಿ, ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳದೆ ಏನೂ ಬದಲಾಯಿಸಬೇಡಿ.

ಟೀ ಬಿಡಲಿಲ್ಲ. ದಿನಕ್ಕೆ ಏಳೆಂಟು ಇದ್ದದ್ದು ಮೂರಕ್ಕೆ ಬಂದಿದೆ, ಸಕ್ಕರೆ ಅರ್ಧ ಚಮಚ. ಗಿರಾಕಿ ಎದುರು ಕೂತಿದ್ದಾಗ ಅವರಿಗೆ ಬೇಜಾರಾಗದ ಹಾಗೆ ಟೀ ತಪ್ಪಿಸಲು ಒಂದು ಉಪಾಯ ಇದೆ. ಅದನ್ನು ಬರೆಯಲ್ಲ, ನನ್ನ ಗಿರಾಕಿಗಳೂ ಇದನ್ನು ಓದುತ್ತಾರೆ.

ಎಂಟಕ್ಕೆ ಊಟ ಆದ್ದರಿಂದ ನಿದ್ದೆ ತಾನಾಗೇ ಹನ್ನೊಂದಕ್ಕೆ ಸರಿಯಿತು. ಫೋನ್ ಚಾರ್ಜರ್ ಅಡುಗೆಮನೆಗೆ ಹೋದದ್ದೂ ಸಹಾಯವಾಯಿತು. ತೂಕ ಮಾತ್ರ ಮೂರು ಕಿಲೋ ಇಳಿದು ಅಲ್ಲೇ ನಿಂತಿದೆ.

ಸರಿ ಹೋಗದೇ ಇರೋದು ಭಾನುವಾರ. ಅವತ್ತು ಅಂಗಡಿ ರಜ, ಇಳಿಸಲು ಷಟರೇ ಇಲ್ಲ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ನೋಡಿದೆ. ಸಾವಿರದ ಚಿಲ್ಲರೆ ಮೆಟ್ಟಿಲು ಹತ್ತಿ ಇಳಿದವನಿಗೆ ಸೋಮವಾರ ಅಂಗಡಿ ಏಣಿ ಹತ್ತಲು ಕಾಲು ಬರಲ್ಲ. ಸದ್ಯಕ್ಕೆ ಮಧ್ಯಾಹ್ನ ಊಟ ಆದ ಮೇಲೆ ಹೆಂಡತಿ ಜೊತೆ ತರಕಾರಿಗೆ ನಡೆದು ಹೋಗುತ್ತಿದ್ದೇನೆ. ಬಿಸಿಲಲ್ಲಿ ಕರ್ಕೊಂಡು ಹೋಗ್ತೀರ ಅಂತ ಬೈಗುಳ ಬೀಳುತ್ತಿದೆ. ಭಾನುವಾರಕ್ಕೆ ಬೇರೆ ಏನಾದರೂ ಹುಡುಕಿಕೊಂಡಿರುವ ಅಂಗಡಿಯವರು ಇದ್ದರೆ ಹೇಳಿ.