ಹುಳಿಯಿಲ್ಲದ ನಿಂಬೆ: ನನ್ನ ಕುಂಡಗಳ ಪರಿಮಳದ ಗಿಡಗಳು

ನಿಂಬೆಯ ಪರಿಮಳ ಬೇಕು, ಹುಳಿ ಬೇಡ. ಅಡುಗೆಮನೆಯಲ್ಲಿ ಹಾಲಿನ ಜೊತೆ ಪ್ರಯೋಗ ಮಾಡುವವರಿಗೆ ಈ ಆಸೆ ಒಮ್ಮೆಯಾದರೂ ಬಂದೇ ಬರುತ್ತದೆ. ಬಿಸಿ ಹಾಲಿಗೆ ನಿಂಬೆರಸ ಬಿದ್ದರೆ ಹಾಲು ಒಡೆಯುತ್ತದೆ. ಅದೇ ಹಾಲಿಗೆ ನಿಂಬೆ ಪರಿಮಳದ ಎಲೆ ಹಾಕಿದರೆ ಏನೂ ಆಗುವುದಿಲ್ಲ. ಹಾಲು ಒಡೆಸುವ ಹುಳಿ ಇರುವುದು ಹಣ್ಣಿನ ರಸದಲ್ಲಿ. ಎಲೆಯಲ್ಲಿರುವುದು ಬರೀ ಪರಿಮಳದ ಎಣ್ಣೆ. ನಾನು ಈ ಗಿಡಗಳ ಹಿಂದೆ ಬಿದ್ದಿದ್ದು ಈ ಒಂದೇ ಕಾರಣಕ್ಕೆ. ಆಮೇಲೆ ಒಂದರ ಪಕ್ಕ ಒಂದು ಕುಂಡ ಸೇರುತ್ತಾ ಹೋಯಿತು.

ಈ ಎಲ್ಲ ಗಿಡಗಳ ಪರಿಮಳಕ್ಕೂ ಮುಖ್ಯ ಕಾರಣ ಸಿಟ್ರಾಲ್ ಎಂಬ ಅಂಶ. ತಮಾಷೆ ಅಂದರೆ, ನಿಂಬೆ ಸಿಪ್ಪೆಯ ಎಣ್ಣೆಯಲ್ಲಿ ಸಿಟ್ರಾಲ್ ನೂರಕ್ಕೆ ಕೆಲವೇ ಪಾಲು. ಅಲ್ಲಿ ಜಾಸ್ತಿ ಇರುವುದು ಲಿಮೊನೀನ್ ಎಂಬ ಇನ್ನೊಂದು ಅಂಶ. ಆದರೂ ಮೂಗು ಅದನ್ನು ನಿಂಬೆ ಅಂತ ಗುರುತಿಸುವುದು ಆ ಸ್ವಲ್ಪ ಸಿಟ್ರಾಲ್‌ನಿಂದಲೇ. ನಿಂಬೆ ಹುಲ್ಲಿನ ಎಣ್ಣೆಯಲ್ಲಿ ಇದು ಸುಮಾರು ಶೇ. 70ರಿಂದ 80ರಷ್ಟಿರುತ್ತದೆ. ಆಸ್ಟ್ರೇಲಿಯಾ ಮೂಲದ ಲೆಮನ್ ಮರ್ಟಲ್ ಎಂಬ ಮರದ ಎಲೆಯ ಎಣ್ಣೆಯಲ್ಲಿ ಶೇ. 90 ದಾಟುತ್ತದೆ. ಅಂದರೆ ಹಣ್ಣಿಗಿಂತ ಎಲೆಯೇ ಹೆಚ್ಚು ನಿಂಬೆ!

ಪರಿಮಳ ಒಂದೇ ಆದರೂ ಗಿಡಗಳ ಸ್ವಭಾವ ಮಾತ್ರ ಪೂರ್ತಿ ಬೇರೆ ಬೇರೆ. ಒಂದು ಬಿಸಿಲು ಕೇಳುತ್ತದೆ, ಇನ್ನೊಂದು ನೆರಳು. ಒಂದನ್ನು ಒಣಗಿಸಿದರೆ ವರ್ಷವಿಡೀ ಘಮಘಮ ಅನ್ನುತ್ತದೆ, ಇನ್ನೊಂದು ಒಣಗಿದರೆ ಬರೀ ಹುಲ್ಲು. ಒಂದನ್ನು ಕುದಿಸಬೇಕು, ಇನ್ನೊಂದನ್ನು ಕುದಿಸಲೇಬಾರದು. 'ನಿಂಬೆ ಪರಿಮಳದ ಗಿಡ' ಅಂತ ಎಲ್ಲವಕ್ಕೂ ಒಂದೇ ಸೂಚನೆ ಕೊಡುವವರ ಮಾತನ್ನು ಹಾಗಾಗಿ ನಾನು ನಂಬುವುದಿಲ್ಲ.

ಹೊಸಬರಿಗೆ ಮೊದಲು ಹೇಳುವುದು ನಿಂಬೆ ಹುಲ್ಲು. ಮಜ್ಜಿಗೆ ಹುಲ್ಲು ಅಂತಲೂ ಕರೆಯುತ್ತಾರೆ. ಬೀಜದ ಗೋಜಿಗೆ ಹೋಗಬೇಡಿ. ಬುಡದ ಉಬ್ಬಿದ ಭಾಗ ಹಾಗೇ ಉಳಿದಿರುವ ಹಸಿ ದಂಟು ಸಿಕ್ಕರೆ ಸಾಕು. ಒಣಗಿದ ಹೊರಪದರ ಸುಲಿದು, ಮೇಲಿನ ಎಲೆ ಕತ್ತರಿಸಿ, ಬುಡ ಮಾತ್ರ ಮುಳುಗುವಷ್ಟು ನೀರಿನಲ್ಲಿ ನಿಲ್ಲಿಸುತ್ತೇನೆ. ನೀರನ್ನು ದಿನ ಬಿಟ್ಟು ದಿನ ಬದಲಿಸಬೇಕು. ಇಲ್ಲದಿದ್ದರೆ ಬುಡ ಕೊಳೆತು ನಾರುತ್ತದೆ. ಎರಡು ಮೂರು ವಾರದಲ್ಲಿ ಬಿಳಿ ಬೇರು ಕಾಣುತ್ತದೆ. ಬೇರು ಬೆರಳುದ್ದ ಆದ ಮೇಲೆ ಮಣ್ಣಿಗೆ.

ಕುಂಡದ ವಿಷಯದಲ್ಲಿ ಜಿಪುಣತನ ಬೇಡ. ಕನಿಷ್ಠ 30 ಸೆಂ.ಮೀ. ಅಗಲ, ಅಷ್ಟೇ ಆಳ ಇರಲಿ. ಗಿಡ ಒಂದು ಮೀಟರ್‌ಗಿಂತ ಎತ್ತರ ಬೆಳೆಯುತ್ತದೆ, ತೆಂಡೆ ಒಡೆದು ಕುಂಡವನ್ನೆಲ್ಲ ತುಂಬುತ್ತದೆ. ದಿನಕ್ಕೆ ಆರು ಗಂಟೆ ನೇರ ಬಿಸಿಲು ಬೇಕು. ಹುಲ್ಲಿನ ಜಾತಿ ಅಲ್ವಾ, ನೀರು ಮತ್ತು ಗೊಬ್ಬರ ಎರಡನ್ನೂ ಜೋರಾಗಿ ಎಳೆದುಕೊಳ್ಳುತ್ತದೆ. ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಬುಡಸಮೇತ ಕಿತ್ತು, ಬಿಡಿಸಿ, ಬೇರೆ ಬೇರೆ ನೆಡುತ್ತೇನೆ. ಆ ದಿನ ಉದ್ದ ತೋಳಿನ ಅಂಗಿ, ಗ್ಲೌಸ್ ಎರಡೂ ಬೇಕು. ಎಲೆಯ ಅಂಚು ಬ್ಲೇಡಿನಷ್ಟು ಹರಿತ, ಗೀರಿದ್ದು ಗೊತ್ತಾಗುವುದೇ ಆಮೇಲೆ ಉರಿದಾಗ. ಹಿಮ ಬೀಳುವಷ್ಟು ಚಳಿ ಇರುವ ಕಡೆ ಎಲೆಯನ್ನು ಗೇಣುದ್ದಕ್ಕೆ ಕತ್ತರಿಸಿ, ಕುಂಡವನ್ನು ಒಳಗೆ ಬೆಳಕಿರುವ ಜಾಗಕ್ಕೆ ತಂದು, ನೀರು ಕಡಿಮೆ ಮಾಡಬೇಕು.

ಒಂದು ಎಚ್ಚರಿಕೆ. ಇದರ ನೆಂಟ ಸಿಟ್ರೊನೆಲ್ಲಾ ಹುಲ್ಲು ನೋಡಲು ಹೆಚ್ಚುಕಡಿಮೆ ಹೀಗೇ ಇರುತ್ತದೆ. ಅದರ ಬುಡ ಸಾಮಾನ್ಯವಾಗಿ ಕೆಂಪಗಿರುತ್ತದೆ, ಪರಿಮಳದಲ್ಲಿ ಸೋಪಿನ ಛಾಯೆ ಇರುತ್ತದೆ. ಸೊಳ್ಳೆ ಓಡಿಸುವ ಎಣ್ಣೆ ಬರುವುದು ಅದರಿಂದ. ಅಡುಗೆಗೆ ಅದು ಬೇಡ.

ನನ್ನ ಅಚ್ಚುಮೆಚ್ಚಿನದು ಮಾತ್ರ ಲೆಮನ್ ವರ್ಬೀನಾ. ದಕ್ಷಿಣ ಅಮೆರಿಕದ ಪೊದೆ ಇದು. ಸ್ಪೇನಿನವರು 18ನೇ ಶತಮಾನದಲ್ಲಿ ಯುರೋಪಿಗೆ ಒಯ್ದರು. ಉದ್ದನೆಯ ಒರಟು ಎಲೆ, ಪ್ರತಿ ಗಿಣ್ಣಿನಲ್ಲೂ ಮೂರೋ ನಾಲ್ಕೋ ಸುತ್ತ ನಿಂತಿರುತ್ತವೆ. ನಿಂಬೆ ಪರಿಮಳದಲ್ಲಿ ಇಷ್ಟು ಶುದ್ಧವಾದದ್ದು ನಾನು ಬೆಳೆದ ಗಿಡಗಳಲ್ಲಿ ಇನ್ನೊಂದಿಲ್ಲ. ನಿಂಬೆ ಹುಲ್ಲಿನಲ್ಲಿ ಶುಂಠಿಯಂಥ ಒಂದು ಖಾರ ಸೇರಿಕೊಂಡಿರುತ್ತದೆ. ವರ್ಬೀನಾದಲ್ಲಿ ಅದಿಲ್ಲ.

ಬೀಜದಿಂದ ಬೆಳೆಸುವುದು ಕಷ್ಟ, ಕಡ್ಡಿಯಿಂದ ಸುಲಭ. ಹೂವಿಲ್ಲದ ಎಳೆ ಕುಡಿಯನ್ನು 8-10 ಸೆಂ.ಮೀ. ಉದ್ದಕ್ಕೆ, ಗಿಣ್ಣಿನ ಕೆಳಗೆ ಕತ್ತರಿಸುತ್ತೇನೆ. ಕೆಳಗಿನ ಎಲೆ ತೆಗೆದು, ಮಣ್ಣಿಗಿಂತ ಮರಳು ಜಾಸ್ತಿ ಇರುವ ಮಿಶ್ರಣದಲ್ಲಿ ಊರಿ, ಮೇಲೊಂದು ಪ್ಲಾಸ್ಟಿಕ್ ಚೀಲ ಮುಚ್ಚುತ್ತೇನೆ. ಎಲೆ ಬಾಡದಂತೆ ತೇವ ನಿಲ್ಲಲಿ ಅಂತ. ಮೂರು ನಾಲ್ಕು ವಾರದ ಮೇಲೆ ಕಡ್ಡಿಯನ್ನು ಮೆಲ್ಲಗೆ ಎಳೆದು ನೋಡಿ. ಬಿಗಿಯಾಗಿದ್ದರೆ ಬೇರು ಬಂದಿದೆ. ಗಿಡ ಬೆಳೆಯತೊಡಗಿದ ಮೇಲೆ ಕುಡಿ ಚಿವುಟುತ್ತಲೇ ಇರಬೇಕು. ಸುಮ್ನೆ ಬಿಟ್ಟರೆ ಕೋಲಿನ ಹಾಗೆ ಮೇಲಕ್ಕೆ ಹೋಗಿ, ತುದಿಯಲ್ಲಷ್ಟೇ ಎಲೆ ಉಳಿಯುತ್ತದೆ.

ಈ ಗಿಡ ಜನರನ್ನು ಹೆದರಿಸುವುದು ಎಲೆ ಉದುರಿಸಿ. ಚಳಿ ಬಂದರೆ ಉದುರಿಸುತ್ತದೆ. ಜಾಗ ಬದಲಿಸಿದರೂ ಉದುರಿಸುತ್ತದೆ. ಸತ್ತುಹೋಯಿತು ಅಂತ ಬಿಸಾಡುವವರೇ ಜಾಸ್ತಿ. ಉಗುರಿನಿಂದ ತೊಗಟೆ ಗೀರಿ ನೋಡಿ. ಒಳಗೆ ಹಸಿರು ಕಂಡರೆ ಜೀವ ಇದೆ. ಎಲೆಯಿಲ್ಲದ ಗಿಡ ನೀರನ್ನು ಅಷ್ಟಾಗಿ ಹೀರುವುದಿಲ್ಲ. ಹಾಗಾಗಿ ಆ ದಿನಗಳಲ್ಲಿ ಮಣ್ಣು ಪೂರ್ತಿ ಒಣಗದಷ್ಟೇ ಕೊಡಿ. ಪಾಪ ಅಂತ ದಿನಾ ನೀರು ಸುರಿದರೆ ಬೇರು ಕೊಳೆತು ನಿಜವಾಗಿಯೂ ಸಾಯುತ್ತದೆ. ಚಿಗುರು ಬರುವುದು ತಡವಾಗಬಹುದು, ತಾಳ್ಮೆ ಬೇಕು. ಇನ್ನು ಒಳಗಿಟ್ಟ ಗಿಡಕ್ಕೆ ಕೆಂಪು ನುಸಿ ಮತ್ತು ಬಿಳಿ ನೊಣದ ಕಾಟ. ಎಲೆಯ ಅಡಿಭಾಗಕ್ಕೆ ನೀರು ರಭಸವಾಗಿ ಹಾಯಿಸಿ ತೊಳೆಯುವುದೇ ನನ್ನ ಮೊದಲ ಮದ್ದು. ತಿನ್ನುವ ಎಲೆಗೆ ಅದಕ್ಕಿಂತ ಜೋರಾದದ್ದನ್ನು ಹೊಡೆಯಲು ಮನಸ್ಸು ಬರುವುದಿಲ್ಲ.

ಲೆಮನ್ ಬಾಮ್ ಪುದೀನದ ಕುಟುಂಬದ್ದು. ಚೌಕ ದಂಟು, ಸುಕ್ಕು ಎಲೆ. ಬೀಜವನ್ನು ಮಣ್ಣಿನ ಮೇಲೆ ಉದುರಿಸಿ ಮೆಲ್ಲಗೆ ಒತ್ತಿದರೆ ಸಾಕು, ಮುಚ್ಚಬೇಡಿ. ಮೊಳೆಯಲು ಅದಕ್ಕೆ ಬೆಳಕು ಬೇಕು. ಸುಡುವ ಬಿಸಿಲಿನಲ್ಲಿ ಎಲೆ ಹಳದಿಯಾಗುತ್ತದೆ, ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನ ನೆರಳಾಗುವ ಜಾಗ ಒಳ್ಳೆಯದು. ಹೂ ಬಿಡಲು ಬಿಟ್ಟಿರೋ, ಬೀಜ ಚೆಲ್ಲಿ ಅಕ್ಕಪಕ್ಕದ ಕುಂಡಗಳಲ್ಲೆಲ್ಲ ಸಸಿ ಎದ್ದಿರುತ್ತದೆ. ಮೊಗ್ಗು ಕಂಡ ಕೂಡಲೇ ಇಡೀ ಗಿಡವನ್ನು ಬುಡದಿಂದ ಎರಡು ಮೂರು ಬೆರಳು ಬಿಟ್ಟು ಕತ್ತರಿಸುತ್ತೇನೆ. ಪರಿಮಳ ಚೆನ್ನಾಗಿರುವುದೂ ಆಗಲೇ. ಮತ್ತೆ ಹೊಸದಾಗಿ ಚಿಗುರುತ್ತದೆ. ಎಲೆ ಮೇಲೆ ಬೂದಿ ರೋಗ ಬಂದರೂ ಇದೇ ಚಿಕಿತ್ಸೆ.

ಆದರೆ ಇದನ್ನು ಒಣಗಿಸಿ ಡಬ್ಬಿ ತುಂಬುವವರನ್ನು ಕಂಡರೆ ನನಗೆ ಆಶ್ಚರ್ಯ. ಇದರ ಎಲೆಯಲ್ಲಿ ಎಣ್ಣೆಯೇ ಬಹಳ ಕಡಿಮೆ. ಒಣಗುವಷ್ಟರಲ್ಲಿ ಹೆಚ್ಚಿನದು ಹಾರಿಹೋಗಿರುತ್ತದೆ. ಹಸಿಯಾಗಿಯೇ ಬಳಸಿ. ಉಳಿದರೆ ಕೊಚ್ಚಿ, ಐಸ್ ಟ್ರೇಯಲ್ಲಿ ನೀರಿನ ಜೊತೆ ಗಟ್ಟಿ ಮಾಡಿಡಿ. ವರ್ಬೀನಾ ಇದಕ್ಕೆ ತದ್ವಿರುದ್ಧ. ನೆರಳಿನಲ್ಲಿ ಗಾಳಿಯಾಡುವಂತೆ ಒಣಗಿಸಿ, ಪುಡಿ ಮಾಡದೆ ಇಡೀ ಎಲೆಯಾಗಿಯೇ ಗಾಳಿಯಾಡದ ಬಾಟಲಿಯಲ್ಲಿಟ್ಟರೆ ತಿಂಗಳುಗಟ್ಟಲೆ ಇರುತ್ತದೆ. ಬಳಸುವಾಗ ಮುರಿದರೆ ಆಯಿತು.

ತುಳಸಿಯ ನೆಂಟ ಲೆಮನ್ ಬೇಸಿಲ್ ಬೀಜದಿಂದ ಬೇಗ ಬರುತ್ತದೆ, ಹೂವನ್ನು ಚಿವುಟುತ್ತಿದ್ದರೆ ಒಂದು ಋತುವಿಡೀ ಎಲೆ ಕೊಡುತ್ತದೆ, ಚಳಿ ತಡೆಯುವುದಿಲ್ಲ. ಲೆಮನ್ ಥೈಮ್ ಎಂಬ ಪುಟ್ಟ ಎಲೆಯ ಗಿಡಕ್ಕೆ ನೀರು ಸರಾಗವಾಗಿ ಬಸಿದುಹೋಗುವ ಒರಟು ಮಣ್ಣು, ಬಿಸಿಲು, ಸ್ವಲ್ಪ ನಿರ್ಲಕ್ಷ್ಯ ಇಷ್ಟು ಸಾಕು. ಅತಿಯಾಗಿ ಪ್ರೀತಿಸಿದರೆ ಕೊಳೆಯುತ್ತದೆ. ನಿಂಬೆ ಪರಿಮಳದ ಪೆಲಾರ್ಗೋನಿಯಂ ದಕ್ಷಿಣ ಆಫ್ರಿಕಾದ ಗಿಡ. ಕಡ್ಡಿ ಕತ್ತರಿಸಿ, ಗಾಯ ಒಣಗಲು ಕೆಲವು ಗಂಟೆ ಹೊರಗಿಟ್ಟು ನೆಟ್ಟರೆ ಚೆನ್ನಾಗಿ ಹತ್ತಿಕೊಳ್ಳುತ್ತದೆ. ಇದರ ಎಲೆ ಅಗಿಯಲು ಒರಟು. ಕೇಕ್ ಮಾಡುವ ಪಾತ್ರೆಯ ತಳದಲ್ಲಿ ಹಾಸಿ, ಮೇಲೆ ಹಿಟ್ಟು ಸುರಿದು ಬೇಯಿಸಿದರೆ ಪರಿಮಳ ಹಿಟ್ಟಿಗೆ ಏರುತ್ತದೆ. ಬೆಂದ ಮೇಲೆ ಎಲೆ ಕಿತ್ತು ತೆಗೆಯಿರಿ. ಮನೆಯಲ್ಲಿ ಬೆಕ್ಕು ನಾಯಿ ಇದ್ದರೆ ಈ ಕುಂಡ ಅವುಗಳ ಬಾಯಿಗೆ ಸಿಗದಂತಿರಲಿ, ಅವಕ್ಕೆ ಇದು ವಿಷ.

ಎಲೆ ಕೀಳುವುದು ಬೆಳಗ್ಗೆ, ಇಬ್ಬನಿ ಆರಿದ ಮೇಲೆ. ಒಳಗೆ ಬಂದ ಮೇಲೆ ಯಾವುದಕ್ಕೆ ಎಷ್ಟು ಬಿಸಿ ಅನ್ನುವುದೇ ಮುಖ್ಯ. ಬಾಮ್‌ನಂಥ ಎಲೆಗಳಲ್ಲಿ ಎಣ್ಣೆ ಇರುವುದು ಮೇಲ್ಮೈಯ ಸೂಕ್ಷ್ಮ ರೋಮಗಳಲ್ಲಿ. ಕೈ ತಾಗಿದರೇ ಪರಿಮಳ ಏಳುತ್ತದೆ. ಕುದಿಸಿದರೆ ಅಡುಗೆಮನೆಗೆಲ್ಲ ಘಮ, ಲೋಟದಲ್ಲಿ ಏನೂ ಇಲ್ಲ. ಅದಕ್ಕೆ ಒಲೆಯಿಂದ ಇಳಿಸಿದ ಬಿಸಿ ನೀರನ್ನು ಒಂದು ಹಿಡಿ ಹಸಿ ಎಲೆ ಮೇಲೆ ಸುರಿದು, ಮುಚ್ಚಿ, ಐದರಿಂದ ಹತ್ತು ನಿಮಿಷ ಬಿಡುತ್ತೇನೆ. ವರ್ಬೀನಾ ಆದರೆ ಕಪ್ಪಿಗೆ ಐದಾರು ಎಲೆ ಸಾಕು. ನಿಂಬೆ ಹುಲ್ಲಿನ ಎಣ್ಣೆ ಎಲೆಯೊಳಗಿನ ಜೀವಕೋಶಗಳಲ್ಲಿ ಕೂತಿರುತ್ತದೆ. ಅದನ್ನು ಜಜ್ಜಬೇಕು, ಹತ್ತು ನಿಮಿಷ ಸಣ್ಣ ಉರಿಯಲ್ಲಿ ಕುದಿಸಬೇಕು. ಇಲ್ಲೂ ಮುಚ್ಚಳ ಬೇಕು. ಬುಡದ 10-12 ಸೆಂ.ಮೀ. ಮಾತ್ರ ಎಳೆಯದು, ಸಣ್ಣಗೆ ಹೆಚ್ಚಿ ಅಡುಗೆಗೆ ಹಾಕಬಹುದು. ಉಳಿದದ್ದನ್ನು ಗಂಟು ಕಟ್ಟಿ ಸೂಪಿಗೆ ಹಾಕಿ, ಬಡಿಸುವ ಮುಂಚೆ ತೆಗೆಯುತ್ತೇನೆ. ಆ ನಾರು ಗಂಟಲಿಗೆ ಸಿಕ್ಕರೆ ಕಷ್ಟ.

ಹಾಲಿನ ವಿಷಯಕ್ಕೆ ಬಂದರೆ, ಅರ್ಧ ಲೀಟರ್ ಹಾಲನ್ನು ಹಬೆಯಾಡುವಷ್ಟು ಬಿಸಿ ಮಾಡಿ ಇಳಿಸಿ, ಒಂದು ಹಿಡಿ ವರ್ಬೀನಾ ಹಾಕಿ ಮುಚ್ಚುತ್ತೇನೆ. ಸಿಟ್ರಾಲ್ ನೀರಿಗಿಂತ ಕೊಬ್ಬಿನಲ್ಲಿ ಚೆನ್ನಾಗಿ ಕರಗುತ್ತದೆ. ಅದಕ್ಕೇ ಕೆನೆ ತೆಗೆಯದ ಹಾಲು ಬೇಕು. ಇಪ್ಪತ್ತು ನಿಮಿಷಕ್ಕೆ ಸೋಸಬೇಕು, ಜಾಸ್ತಿ ಬಿಟ್ಟರೆ ಹಸಿ ಸೊಪ್ಪಿನ ಕಹಿ ಬರುತ್ತದೆ. ಆ ಹಾಲಿನಲ್ಲಿ ಕಸ್ಟರ್ಡ್ ಮಾಡಿ ನೋಡಿ, ಐಸ್ ಕ್ರೀಂ ಮಾಡಿ ನೋಡಿ. ರಸ ಹಿಂಡಿ ಇದನ್ನು ಮಾಡಲು ಸಾಧ್ಯವೇ ಇಲ್ಲ.

ಸಕ್ಕರೆ ಪಾಕ ಇನ್ನೂ ಸುಲಭ. ಒಂದು ಅಳತೆ ಸಕ್ಕರೆ, ಒಂದು ಅಳತೆ ನೀರು. ಸಕ್ಕರೆ ಕರಗಿ ಒಂದು ಕುದಿ ಬಂದ ಮೇಲೆ ಒಲೆ ಆರಿಸಿ, ಎಲೆ ಹಾಕಿ, ಅರ್ಧ ಗಂಟೆ ಮುಚ್ಚಿಟ್ಟು ಸೋಸಿ. ಫ್ರಿಜ್‌ನಲ್ಲಿ ಎರಡು ವಾರ ಇರುತ್ತದೆ. ತಣ್ಣೀರಿಗೆ ಒಂದೆರಡು ಚಮಚ ಬೆರೆಸಿದರೆ ಪಾನಕ ರೆಡಿ. ಅದಕ್ಕೆ ನಾಲ್ಕು ಹನಿ ನಿಂಬೆರಸವನ್ನೂ ಹಿಂಡುತ್ತೇನೆ. ಹುಳಿ ಬೇಡ ಅಂತ ಶುರು ಮಾಡಿದವನು ನಾನೇ, ಆದರೆ ಪಾನಕಕ್ಕೆ ಅದು ಬೇಕು.

ಎಣ್ಣೆಯಲ್ಲಿ ಹಸಿ ಎಲೆ ಮುಳುಗಿಸಿ ಅಂದದ ಬಾಟಲಿಯಲ್ಲಿಟ್ಟು ಕಪಾಟಿನ ಮೇಲೆ ಅಲಂಕಾರಕ್ಕೆ ಇಡುವುದು ಮಾತ್ರ ಬೇಡವೇ ಬೇಡ. ಗಾಳಿಯಿಲ್ಲದ, ಹುಳಿಯಿಲ್ಲದ ಅಂಥ ಜಾಗದಲ್ಲಿ ಬಾಟ್ಯುಲಿಸಂ ಎಂಬ, ಜೀವಕ್ಕೇ ಅಪಾಯವಾದ ಆಹಾರವಿಷ ತರುವ ಬ್ಯಾಕ್ಟೀರಿಯಾ ಬೆಳೆಯಬಹುದು. ಬೇಕಾದಷ್ಟೇ ಮಾಡಿ, ಫ್ರಿಜ್‌ನಲ್ಲಿಟ್ಟು, ಮೂರು ನಾಲ್ಕು ದಿನದಲ್ಲಿ ಮುಗಿಸಿ. ಬಾಟಲಿಯಲ್ಲೇ ಇಡುವ ಆಸೆ ಇದ್ದರೆ ವಿನೆಗರ್ ಇದೆ. ಅದರ ಹುಳಿ ಆ ಬ್ಯಾಕ್ಟೀರಿಯಾವನ್ನು ಬೆಳೆಯಲು ಬಿಡುವುದಿಲ್ಲ. ತೊಳೆದು ಚೆನ್ನಾಗಿ ಒರೆಸಿದ ಲೆಮನ್ ಥೈಮ್ ಕಡ್ಡಿಗಳನ್ನು ಬಿಳಿ ವಿನೆಗರ್‌ನಲ್ಲಿ ಎರಡು ವಾರ ನೆನೆಸಿ ಸೋಸಿಟ್ಟರೆ ಸಲಾಡಿಗೆ ಬೇಕಾದಾಗ ಕೈಗೆ ಸಿಗುತ್ತದೆ.